27 ರೂಪಾಯಿ 14 ಪೈಸೆಯ ಲೆಕ್ಕ: ಶುಲ್ಕಪಟ್ಟಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಬ್ಯಾಂಕುಗಳ ಪ್ರಧಾನ ಕಚೇರಿಗಳಲ್ಲಿ ಶುಲ್ಕಪಟ್ಟಿ ಸಿದ್ಧಪಡಿಸುವ ಮಾನ್ಯರೇ,

ಈ ಪತ್ರವನ್ನು ಶಾಖೆಯ ಕೌಂಟರಿನ ಹಿಂದೆ ಕುಳಿತವರಿಗೆ ಬರೆದಿಲ್ಲ. ಅವರ ಪಾಡು ನನಗೆ ಗೊತ್ತು. ಪಾಸ್‌ಬುಕ್ ಹಿಡಿದು ಬಂದವರು ಬೈಯುವುದು ಅವರನ್ನೇ. ಆದರೆ ಯಾವುದಕ್ಕೆ ಎಷ್ಟು ಕತ್ತರಿಸಬೇಕೆಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಕತ್ತರಿಸಿದ್ದು ಯಾಕೆಂಬುದು ಎಷ್ಟೋ ಸಲ ಅವರ ಪರದೆಯ ಮೇಲೂ ಕಾಣುವುದಿಲ್ಲ. ತೀರ್ಮಾನ ನಿಮ್ಮದು, ಹಾಗಾಗಿ ಪತ್ರವೂ ನಿಮಗೇ.

ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಕೊನೆಯ ವರ್ಷಗಳು ಎಟಿಎಂ ಲೆಕ್ಕ ತಾಳೆ ನೋಡುವ ವಿಭಾಗದಲ್ಲಿ ಕಳೆದವು. ಈಗ ದಾವಣಗೆರೆಯಲ್ಲಿದ್ದೇನೆ. ಬೀದಿಯ ಜನರಿಗೆ ನಾನಿನ್ನೂ ‘ಬ್ಯಾಂಕ್ ಸರ್’. ತರಕಾರಿ ಮಾರುವವರು, ಆಟೋ ಓಡಿಸುವವರು, ಅಂಗನವಾಡಿ ಸಹಾಯಕಿಯರು, ಬೆಂಗಳೂರಿನಿಂದ ಮಗ ಕಳಿಸುವ ದುಡ್ಡಿಗೆ ಕಾಯುವ ತಾಯಂದಿರು ಪಾಸ್‌ಬುಕ್ ತಂದು ಮುಂದಿಡುತ್ತಾರೆ. ‘ಇದೇನ್ ಕಟ್ ಆಗೇತಿ ನೋಡ್ರಿ ಸರ್’ ಎನ್ನುತ್ತಾರೆ. ಹೆಚ್ಚಿನ ಸಲ ನನಗೆ ಗೊತ್ತಾಗುತ್ತದೆ, ಆ ಅರೆಬರೆ ಅಕ್ಷರಗಳ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಕೆಲವು ಸಲ ನನಗೂ ಗೊತ್ತಾಗುವುದಿಲ್ಲ. ತನ್ನದೇ ಖಾತೆಯ ಒಂದು ಸಾಲನ್ನು ಓದಿಸಿಕೊಳ್ಳಲು ಗ್ರಾಹಕ ನಿವೃತ್ತ ನೌಕರನೊಬ್ಬನ ಮನೆ ಹುಡುಕಿಕೊಂಡು ಬರಬೇಕಾಗಿದೆ. ಇದನ್ನು ಸರಿಪಡಿಸಲು ಬೇಕಾದ ಮಾಹಿತಿಯೆಲ್ಲ ಈಗಾಗಲೇ ನಿಮ್ಮ ಕೈಯಲ್ಲಿದೆ. ನಾನು ಹೇಳಬೇಕಾದ್ದು ಇದೇ. ಉಳಿದದ್ದು ಅದರ ವಿವರ.

ಮೊದಲು ನಿಮ್ಮ ಯಂತ್ರದ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ನನಗೆ ನಿಜವಾದ ಗೌರವವಿದೆ. ಹರಪನಹಳ್ಳಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಒಬ್ಬ ತರುಣ ಪೀಣ್ಯದ ಯಾವುದೋ ಎಟಿಎಂನಲ್ಲಿ ಕಾರ್ಡು ಹಾಕಿದನೆನ್ನಿ. ಅವನ ಖಾತೆ ಒಂದು ಬ್ಯಾಂಕಿನಲ್ಲಿ, ಯಂತ್ರ ಇನ್ನೊಂದು ಬ್ಯಾಂಕಿನದು. ಕಾರ್ಡಿನ ಮೊದಲ ಕೆಲವು ಅಂಕಿಗಳನ್ನು ನೋಡಿದ ಕೂಡಲೇ ಇದು ಯಾರು ಕೊಟ್ಟ ಕಾರ್ಡು ಎಂಬುದು ಯಂತ್ರಕ್ಕೆ ತಿಳಿಯುತ್ತದೆ. ಅವನು ಒತ್ತಿದ ಪಿನ್ ಅಲ್ಲೇ ಗುಪ್ತಲಿಪಿಯಾಗಿ ಬದಲಾಗುತ್ತದೆ. ಒಂದು ಸಂದೇಶ ಹುಟ್ಟಿ ಎಟಿಎಂ ಇಟ್ಟ ಬ್ಯಾಂಕಿನ ಸ್ವಿಚ್‌ಗೆ, ಅಲ್ಲಿಂದ ನ್ಯಾಷನಲ್ ಫೈನಾನ್ಶಿಯಲ್ ಸ್ವಿಚ್‌ಗೆ, ಅಲ್ಲಿಂದ ಅವನ ಬ್ಯಾಂಕಿಗೆ ಹೋಗುತ್ತದೆ. ಈ ರಾಷ್ಟ್ರೀಯ ಸ್ವಿಚ್ಚನ್ನು 2004ರಲ್ಲಿ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಶುರುಮಾಡಿತು. 2009ರ ಕೊನೆಯಿಂದ ರಾಷ್ಟ್ರೀಯ ಪಾವತಿ ನಿಗಮವಾದ ಎನ್‌ಪಿಸಿಐ ನಡೆಸುತ್ತಿದೆ. ಅವನ ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ಹಣವಿದೆಯೇ, ದಿನದ ಮಿತಿ ಮೀರಿದೆಯೇ ಎಂದೆಲ್ಲ ನೋಡಿ, ಖಾತೆಯಿಂದ ಮೊತ್ತ ಕಳೆದು, ‘00’ ಎಂಬ ಉತ್ತರ ಕಳಿಸುತ್ತದೆ. 00 ಎಂದರೆ ಕೊಡಬಹುದು. ಆಮೇಲೆ ನೋಟು ಹೊರಬರುತ್ತದೆ. ಇಷ್ಟೂ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ.

ಈ ಸಂದೇಶಗಳು ಮನಬಂದಂತೆ ಬರೆದವಲ್ಲ. ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾದರಿ ಅವುಗಳಿಗಿದೆ. ಯಾವ ಜಾಗದಲ್ಲಿ ಮೊತ್ತ, ಯಾವ ಜಾಗದಲ್ಲಿ ಸಮಯ, ಯಾವ ಜಾಗದಲ್ಲಿ ಯಂತ್ರದ ಗುರುತು ಎಂಬುದೆಲ್ಲ ಅಲ್ಲಿ ನಿಗದಿಯಾಗಿದೆ. ಪ್ರತಿ ಸಂದೇಶಕ್ಕೂ ಆರು ಅಂಕಿಯ ಟ್ರೇಸ್ ನಂಬರ್. ಅದರ ಜೊತೆಗೆ ಆರ್‌ಆರ್‌ಎನ್ ಎಂಬ ಹನ್ನೆರಡು ಅಕ್ಷರಗಳ ಉಲ್ಲೇಖ ಸಂಖ್ಯೆ. ಎಟಿಎಂ ಚೀಟಿಯ ಮೇಲೆ ಸಣ್ಣಗೆ ಅಚ್ಚಾಗುವುದು ಅದೇ. ಹಣ ಸಿಗದಿದ್ದರೂ ಕಾರಣಕ್ಕೊಂದು ಸಂಖ್ಯೆ ಇರುತ್ತದೆ. 51 ಬಂದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. 91 ಬಂದರೆ ಕಾರ್ಡು ಕೊಟ್ಟ ಬ್ಯಾಂಕಿನ ವ್ಯವಸ್ಥೆಯೇ ಉತ್ತರಿಸುತ್ತಿಲ್ಲ. ಅಂದರೆ ಮಾನ್ಯರೇ, ಒಂದು ವಹಿವಾಟು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದು ನಿಮಗೆ ಗೊತ್ತಿದೆ. ವರ್ಷದ ಹಿಂದಿನ ಒಂದು ಐನೂರು ರೂಪಾಯಿಯನ್ನೂ ಈ ಸಂಖ್ಯೆಗಳ ಬೆನ್ನು ಹತ್ತಿ ಹುಡುಕಬಹುದು. ನಾವು ಹುಡುಕಿದ್ದೇವೆ, ಸಿಕ್ಕಿದೆ.

ಈಗ ಅದೇ ತರುಣನ ಪಾಸ್‌ಬುಕ್ಕಿಗೆ ಬರೋಣ. ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂ ಬಳಕೆ ತಿಂಗಳಿಗೆ ಮೂರು ಸಲ ಉಚಿತ. ದಾವಣಗೆರೆಯಂಥ ಊರಲ್ಲಿ ಐದು ಸಲ. ಅದಾದ ಮೇಲೆ ಪ್ರತಿ ಸಲಕ್ಕೂ ಗರಿಷ್ಠ 23 ರೂಪಾಯಿ ವಸೂಲು ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಮೇ 1ರಿಂದ ಅನುಮತಿಸಿದೆ. ಅದಕ್ಕೆ ಶೇಕಡ 18ರ ಜಿಎಸ್‌ಟಿ ಸೇರಿದರೆ 27 ರೂಪಾಯಿ 14 ಪೈಸೆ. ಬ್ಯಾಲೆನ್ಸ್ ನೋಡಿದ್ದೂ ಒಂದು ಸಲವೆಂದೇ ಲೆಕ್ಕವಾಗುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಕೂಲಿ ಬಂತೋ ಇಲ್ಲವೋ ಎಂದು ಎರಡು ಸಲ ನೋಡಿ, ಮೂರನೆಯ ಸಲ ಹಣ ತೆಗೆದರೆ ಅವನ ಉಚಿತ ಪಾಲು ಮುಗಿಯಿತು.

ಶುಲ್ಕವೇ ತಪ್ಪು ಎಂದು ನಾನು ಹೇಳುವುದಿಲ್ಲ. ಎಟಿಎಂ ನಡೆಸುವ ಖರ್ಚನ್ನು ಹತ್ತಿರದಿಂದ ನೋಡಿದ್ದೇನೆ: ಬಾಡಿಗೆ, ಕರೆಂಟು, ಹಣ ತುಂಬುವ ಏಜೆನ್ಸಿ, ಕಾವಲು, ಯಂತ್ರದ ದುರಸ್ತಿ. ಆ 23 ರೂಪಾಯಿಯಲ್ಲಿ 19 ರೂಪಾಯಿ ಇಂಟರ್‌ಚೇಂಜ್ ಎಂಬ ಹೆಸರಿನಲ್ಲಿ ಎಟಿಎಂ ಇಟ್ಟ ಬ್ಯಾಂಕಿಗೆ ಹೋಗುತ್ತದೆ. ಗ್ರಾಹಕನಿಗೆ ಉಚಿತವಾದ ಸಲಗಳಲ್ಲೂ ಆ ಮೊತ್ತವನ್ನು ಅವನ ಬ್ಯಾಂಕು ಭರಿಸುತ್ತದೆ. 4 ರೂಪಾಯಿ 14 ಪೈಸೆ ತೆರಿಗೆ. ಹೀಗೆ ಬಿಡಿಸಿ ಹೇಳಿದಾಗ ನಮ್ಮ ಬೀದಿಯ ಯಾರೂ ಜಗಳವಾಡಿಲ್ಲ. ‘ಹಿಂಗೈತಿ ಅಂತ ಮೊದ್ಲ ಹೇಳಿದ್ರ ನಾನು ನಮ್ ಬ್ಯಾಂಕಿನ ಎಟಿಎಂಗೇ ಹೋಗ್ತಿದ್ದೆ’ ಎಂದವರೇ ಹೆಚ್ಚು. ಅವರಿಗೆ ಹೇಳುವವರೇ ಇರಲಿಲ್ಲ. ಪಾಸ್‌ಬುಕ್ಕಿನಲ್ಲಿ ಇದ್ದದ್ದು ನಾಲ್ಕೈದು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ಅರ್ಧಕ್ಕೆ ಕತ್ತರಿಸಿದ ಒಂದು ಸಂಖ್ಯೆ. ಎಷ್ಟನೆಯ ಸಲ, ಯಾವ ದಿನದ್ದು, ಶುಲ್ಕವೆಷ್ಟು, ತೆರಿಗೆಯೆಷ್ಟು, ಏನೂ ಇಲ್ಲ.

ರಿಸರ್ವ್ ಬ್ಯಾಂಕ್ ಇದನ್ನು ನಿಮಗೆ ಹೇಳದೆ ಬಿಟ್ಟಿಲ್ಲ. ಪಾಸ್‌ಬುಕ್ ಮತ್ತು ಖಾತೆ ವಿವರಗಳಲ್ಲಿ ಅರ್ಥವಾಗದ ನಮೂದುಗಳಿರಬಾರದು, ಶುಲ್ಕ ಹಾಕಿದರೆ ಅದು ಯಾವ ಬಗೆಯದು, ಯಾವ ಕಾರಣಕ್ಕೆ ಎಂಬುದನ್ನು ಚಿಕ್ಕದಾಗಿಯಾದರೂ ಬರೆಯಬೇಕು ಎಂದು 2017ರ ಜೂನ್‌ನಲ್ಲೇ ಸುತ್ತೋಲೆ ಬಂದಿದೆ. ಖಾತೆ ತೆರೆಯುವ ಅರ್ಜಿ, ಹಣ ತುಂಬುವ ಚೀಟಿ, ಪಾಸ್‌ಬುಕ್ಕು, ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿರಬೇಕೆಂಬ ಸೂಚನೆಯೂ ಹಳೆಯದೇ. ಅದಕ್ಕೆ ತಕ್ಕಂತೆ ಪಾಸ್‌ಬುಕ್ಕಿನ ರಟ್ಟಿನ ಮೇಲೆ ಕನ್ನಡವಿದೆ. ದಿನಾಂಕ, ವಿವರ, ಜಮಾ, ಖರ್ಚು ಎಂಬ ತಲೆಬರಹಗಳೂ ಎಷ್ಟೋ ಕಡೆ ಕನ್ನಡದಲ್ಲಿವೆ. ‘ವಿವರ’ ಎಂಬ ಆ ತಲೆಬರಹದ ಕೆಳಗೆ ವಿವರವೇ ಇಲ್ಲ.

ಪ್ರಿಂಟರ್ ಕನ್ನಡ ಅಚ್ಚು ಮಾಡುವುದಿಲ್ಲ, ಜಾಗ ಸಾಲುವುದಿಲ್ಲ ಎಂಬ ಉತ್ತರವನ್ನು ನಾನು ಸೇವೆಯಲ್ಲಿದ್ದಾಗಲೇ ಕೇಳಿದ್ದೇನೆ. ನಮ್ಮ ಮನೆ ಬಾಗಿಲಿಗೆ ಬರುವ ಬೆಸ್ಕಾಂ ಮೀಟರ್ ರೀಡರ್ ಅಂಗೈಯಗಲದ ಯಂತ್ರದಿಂದ ಕನ್ನಡದ ಬಿಲ್ಲು ಹರಿದುಕೊಡುತ್ತಾರೆ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ನಿಗದಿತ ಶುಲ್ಕ, ತೆರಿಗೆ ಎಲ್ಲವೂ ಅದರಲ್ಲಿರುತ್ತವೆ. ಸೆಕೆಂಡುಗಳಲ್ಲಿ ದೇಶದ ಯಾವ ಮೂಲೆಯ ಯಂತ್ರಕ್ಕಾದರೂ ಉತ್ತರ ಕೊಡಬಲ್ಲ ನಿಮ್ಮ ವ್ಯವಸ್ಥೆಗೆ ಇದು ಕಷ್ಟವೆಂದರೆ ನಾನು ಒಪ್ಪಲಾರೆ.

ಅರ್ಥವಾಗದ ಸಾಲಿನಿಂದ ಆಗುವ ನಷ್ಟ ಇಪ್ಪತ್ತೇಳು ರೂಪಾಯಿಗೆ ನಿಲ್ಲುವುದೂ ಇಲ್ಲ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು ವರ್ಷಕ್ಕೆ 436 ರೂಪಾಯಿ. ಒಪ್ಪಿಗೆ ಕೊಟ್ಟವರ ಖಾತೆಯಿಂದ ಅದು ಮೇ ತಿಂಗಳ ಆಸುಪಾಸಿನಲ್ಲಿ ತಾನಾಗಿ ಕಡಿತವಾಗುತ್ತದೆ. ಯಾವ ಕಾರಣದಿಂದ ಸಾವು ಬಂದರೂ ಮನೆಯವರಿಗೆ ಎರಡು ಲಕ್ಷ ಸಿಗಬೇಕು. ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳು ಪಾಸ್‌ಬುಕ್ ತಂದಾಗ ಆ ಸಾಲನ್ನು ನಾನು ನೋಡಿದೆ. ಅವಳೂ ನೋಡಿದ್ದಳು. ಬ್ಯಾಂಕಿನವರು ಹಾಕುವ ಇನ್ನೊಂದು ಚಾರ್ಜು ಎಂದುಕೊಂಡಿದ್ದಳು. ಆ ಎಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ‘ಜೀವವಿಮೆ ಕಂತು’ ಎಂದಿದ್ದರೆ ಅವಳ ಮಗ ಏಳನೆಯ ತರಗತಿಯವನಾದರೂ ಓದಿ ಹೇಳುತ್ತಿದ್ದ.

ಇನ್ನು ನನ್ನ ಮನಸ್ಸಿಗೆ ಬಹಳ ಹತ್ತಿರದ, ನಾನು ವರ್ಷಗಟ್ಟಲೆ ಮಾಡಿದ ಕೆಲಸದ ಮಾತು. ಎಟಿಎಂನಿಂದ ಹಣ ಬರಲಿಲ್ಲ, ಆದರೆ ಖಾತೆಯಿಂದ ಕಡಿತವಾಯಿತು ಎಂಬ ದೂರು. ಇದು ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತು, ಓದುಗರಿಗಾಗಿ ಹೇಳುತ್ತೇನೆ. ಬ್ಯಾಂಕು 00 ಎಂದು ಉತ್ತರ ಕೊಟ್ಟು ಮೊತ್ತ ಕಳೆದಾಗಿದೆ. ಉತ್ತರ ಯಂತ್ರಕ್ಕೆ ತಲುಪುವಷ್ಟರಲ್ಲಿ ಲೈನ್ ಹೋಯಿತು. ಅಥವಾ ತಲುಪಿತು, ಆದರೆ ನೋಟು ಎತ್ತುವ ಭಾಗ ಸಿಕ್ಕಿಕೊಂಡಿತು. ಆಗ ಯಂತ್ರ ‘ಹಣ ಕೊಟ್ಟಿಲ್ಲ, ವಾಪಸ್ ಜಮಾ ಮಾಡಿ’ ಎಂಬ ರಿವರ್ಸಲ್ ಸಂದೇಶ ಕಳಿಸಬೇಕು. ಬಹುತೇಕ ಸಲ ಕಳಿಸುತ್ತದೆ, ಗ್ರಾಹಕ ಬಾಗಿಲು ದಾಟುವುದರೊಳಗೆ ಹಣ ಹಿಂತಿರುಗಿರುತ್ತದೆ. ಕೆಲವು ಸಲ ಆ ಸಂದೇಶವೂ ದಾರಿಯಲ್ಲಿ ಕಳೆದುಹೋಗುತ್ತದೆ. ಆಗ ಹಣ ಯಂತ್ರದೊಳಗೇ ಇರುತ್ತದೆ, ಖಾತೆಯಲ್ಲಿ ಇರುವುದಿಲ್ಲ.

ಹೊರಗಿನವರಿಗೆ ತಿಳಿಯದ ಒಂದು ಸಂಗತಿ ಇಲ್ಲಿದೆ. ಎಟಿಎಂ ತನ್ನೊಳಗೇ ಒಂದು ದಿನಚರಿ ಬರೆದುಕೊಳ್ಳುತ್ತದೆ. ನಾವು ಇಜೆ ಎನ್ನುತ್ತಿದ್ದೆವು. ಕಾರ್ಡು ಒಳಗೆ ಬಂದದ್ದು, ನೋಟು ಎಣಿಸಿದ್ದು, ಬಾಗಿಲು ತೆರೆದದ್ದು, ಯಾವ ಕ್ಯಾಸೆಟ್‌ನಿಂದ ಎಷ್ಟು ನೋಟು ಹೋಯಿತು ಎಂಬುದೆಲ್ಲ ಅದರಲ್ಲಿ ಸೆಕೆಂಡು ಸಮೇತ ಇರುತ್ತದೆ. ಹಣ ತುಂಬಲು ಹೋದವರು ಉಳಿದ ನೋಟುಗಳನ್ನು ಎಣಿಸುತ್ತಾರೆ. ಆ ಎಣಿಕೆ, ಸ್ವಿಚ್ ವರದಿ, ಇಜೆ, ಈ ಮೂರನ್ನೂ ತಾಳೆ ನೋಡಬೇಕು. ಕೊಡದ ಹಣ ಕೊಟ್ಟಂತೆ ಲೆಕ್ಕದಲ್ಲಿದ್ದರೆ ಯಂತ್ರದಲ್ಲಿ ಅಷ್ಟು ಹೆಚ್ಚಿಗೆ ಸಿಗುತ್ತದೆ. ಅದನ್ನು ‘ಎಕ್ಸೆಸ್ ಕ್ಯಾಶ್’ ಎಂದು ಬೇರೆ ಲೆಕ್ಕಕ್ಕೆ ಹಾಕುತ್ತಾರೆ. ಆ ಕ್ಷಣಕ್ಕೇ ಬ್ಯಾಂಕಿಗೆ ಗೊತ್ತಾಯಿತು: ಈ ಎರಡು ಸಾವಿರ ನಮ್ಮದಲ್ಲ, ಯಾರದೋ. ಟ್ರೇಸ್ ನಂಬರ್ ನೋಡಿದರೆ ಯಾರದೆಂಬುದೂ ಗೊತ್ತು. ಸಂಜೆ ಲೆಕ್ಕ ಕೂಡಿಬಂದು, ಒಂದು ಎಕ್ಸೆಸ್ ಸರಿಯಾದ ಖಾತೆಗೆ ಹೋಗಿ ಸೇರಿದಾಗ ನಮ್ಮ ವಿಭಾಗದಲ್ಲಿ ಆಗುತ್ತಿದ್ದ ಸಮಾಧಾನ ದೊಡ್ಡದು. ಆ ಕೆಲಸಕ್ಕೆ ಹೊರಗೆ ಯಾವ ಹೆಸರೂ ಇಲ್ಲ. ಆದರೆ ಬ್ಯಾಂಕಿನ ಮೇಲೆ ಜನ ಇಟ್ಟ ನಂಬಿಕೆ ನಿಂತಿರುವುದು ಅಂಥ ಕೆಲಸದ ಮೇಲೆ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದು ಆ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂತು. ಎಟಿಎಂನಲ್ಲಿ ಹಣ ಬಾರದೆ ಖಾತೆಗೆ ಖರ್ಚು ಬಿದ್ದಿದ್ದರೆ ವಹಿವಾಟಿನ ದಿನದಿಂದ ಐದು ದಿನದೊಳಗೆ ಬ್ಯಾಂಕು ತಾನಾಗಿ ಹಿಂತಿರುಗಿಸಬೇಕು. ಅಂಗಡಿಯ ಸ್ವೈಪ್ ಮಷೀನಿನಲ್ಲಿ ಹಣ ಕಡಿತವಾಗಿ, ಅಂಗಡಿಯವರಿಗೆ ಖಚಿತ ಉತ್ತರ ಬಾರದಿದ್ದರೂ ಅದೇ ಗಡುವು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಆ ಪರಿಹಾರವನ್ನೂ ಗ್ರಾಹಕ ಕೇಳಲಿ, ದೂರು ಕೊಡಲಿ ಎಂದು ಕಾಯದೆ ಬ್ಯಾಂಕೇ ಜಮಾ ಮಾಡಬೇಕು. ಹಾಗೆಂದು ಅಲ್ಲಿ ಬರೆದಿದೆ.

ನಮ್ಮ ಬೀದಿಯಲ್ಲಿ ಈ 100 ರೂಪಾಯಿಯ ಬಗ್ಗೆ ಕೇಳಿದವರು ನನಗೆ ಸಿಕ್ಕಿಲ್ಲ. ತಡವಾಗಿ ಹಣ ಹಿಂತಿರುಗಿದ ಪಾಸ್‌ಬುಕ್ಕುಗಳನ್ನು ನೋಡಿದ್ದೇನೆ, ಜೊತೆಗೆ ಪರಿಹಾರ ಬಿದ್ದದ್ದನ್ನು ನೋಡಿಲ್ಲ. ಒಂದು ಬ್ಯಾಂಕಿನ ಶಾಖೆಯಲ್ಲಿ ನೆರೆಮನೆಯವರ ಪರವಾಗಿ ನಾನೇ ಕೇಳಿದಾಗ ‘ಅದಕ್ಕೆ ಬೇರೆ ಅರ್ಜಿ ಕೊಡಬೇಕು ಸರ್’ ಎಂಬ ಉತ್ತರ ಬಂತು. ಅರ್ಜಿ ಬೇಕಿಲ್ಲವೆಂಬುದೇ ಆ ನಿಯಮದ ತಿರುಳು. ಗ್ರಾಹಕನಿಂದ ಬರಬೇಕಾದ 27 ರೂಪಾಯಿ 14 ಪೈಸೆಯನ್ನು ಕಂಪ್ಯೂಟರಿಗೆ ಯಾರೂ ನೆನಪಿಸಬೇಕಾಗಿಲ್ಲ, ಪೈಸೆ ಸಮೇತ ಅದು ಎಣಿಸಿಕೊಳ್ಳುತ್ತದೆ. ಗ್ರಾಹಕನಿಗೆ ಕೊಡಬೇಕಾದ 100 ರೂಪಾಯಿಗೆ ಅದೇ ಕಂಪ್ಯೂಟರ್ ಅರ್ಜಿ ಕೇಳುತ್ತದೆ. ಕತ್ತರಿಸುವ ಪ್ರೋಗ್ರಾಂ ಬರೆಸಿದವರು ನೀವು. ಕೊಡುವ ಪ್ರೋಗ್ರಾಂ ಬರೆಸಬೇಕಾದವರೂ ನೀವೇ.

ಈಗ 51 ಎಂಬ ಸಂಖ್ಯೆಯ ವಿಷಯ. ಖಾತೆಯಲ್ಲಿ 480 ರೂಪಾಯಿ ಇದೆ, ಅವನಿಗೆ ಅದು ಸರಿಯಾಗಿ ನೆನಪಿಲ್ಲ. ಬೇರೆ ಬ್ಯಾಂಕಿನ ಎಟಿಎಂನಲ್ಲಿ 500 ಒತ್ತುತ್ತಾನೆ. ಸಾಲದು ಎಂಬ ಉತ್ತರ ಬರುತ್ತದೆ. ಒಂದು ನೋಟೂ ಅಲುಗಾಡಿಲ್ಲ. ಹಲವು ಬ್ಯಾಂಕುಗಳ ಶುಲ್ಕಪಟ್ಟಿಯಲ್ಲಿ ಇದಕ್ಕೂ ಒಂದು ಸಾಲಿದೆ. 25 ರೂಪಾಯಿ ಇದ್ದಲ್ಲಿ ತೆರಿಗೆ ಸೇರಿ 29 ರೂಪಾಯಿ 50 ಪೈಸೆ. ಖಾತೆಯಲ್ಲಿ ಉಳಿಯುವುದು 450 ರೂಪಾಯಿ 50 ಪೈಸೆ. ಅವನಿಗೆ 400 ತೆಗೆಯಲು ಇನ್ನೂ ಆಗುತ್ತದೆ. ಸಂಬಳ ಹತ್ತಿರವಾದ ವಾರದಲ್ಲಿ ಮೂರು ಸಲ ಹೀಗಾದರೆ ಅದೂ ಆಗುವುದಿಲ್ಲ. ಯಾರ ಖಾತೆಯಲ್ಲಿ ಲಕ್ಷಗಳಿವೆಯೋ ಅವರಿಗೆ ಈ ಶುಲ್ಕ ಜೀವಮಾನದಲ್ಲಿ ಬೀಳುವುದಿಲ್ಲ. ಹಣವಿಲ್ಲದವರಿಂದ ಹಣವಿಲ್ಲದ ಕಾರಣಕ್ಕೇ ಹಣ ತೆಗೆದುಕೊಳ್ಳುವ ಇಂಥ ಸಾಲನ್ನು ನೀವು ಪಟ್ಟಿಗೆ ಸೇರಿಸಿದ ದಿನ ಆ ಕೋಣೆಯಲ್ಲಿ ಯಾರಾದರೂ ಬೇಡವೆಂದರೇ ಎಂದು ತಿಳಿಯುವ ಆಸೆ ನನಗಿದೆ.

ಕನಿಷ್ಠ ಬ್ಯಾಲೆನ್ಸ್ ಶುಲ್ಕದ ಕಥೆಯೂ ಇದೇ. 2024ರ ಮಾರ್ಚ್‌ವರೆಗಿನ ಐದು ಹಣಕಾಸು ವರ್ಷಗಳಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಈ ಒಂದು ಬಾಬ್ತಿನಲ್ಲಿ ಸುಮಾರು 8,500 ಕೋಟಿ ರೂಪಾಯಿ ಸಂಗ್ರಹಿಸಿದವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ದೇಶದ ಅತಿದೊಡ್ಡ ಬ್ಯಾಂಕು ಉಳಿತಾಯ ಖಾತೆಗೆ ಈ ಶುಲ್ಕವನ್ನು 2020ರಲ್ಲೇ ಬಿಟ್ಟಿತ್ತು, ಅಂದರೆ ಇದು ಬಹುಮಟ್ಟಿಗೆ ಉಳಿದವು ಕೂಡಿಸಿದ ಮೊತ್ತ. ಶುಲ್ಕ ಹಾಕುವ ಮೊದಲು ಗ್ರಾಹಕನಿಗೆ ತಿಳಿಸಿ ಒಂದು ತಿಂಗಳಾದರೂ ಸಮಯ ಕೊಡಬೇಕು, ಕೊರತೆ ಎಷ್ಟೋ ಅದಕ್ಕೆ ತಕ್ಕಂತೆ ಹಾಕಬೇಕು, ಈ ಶುಲ್ಕದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು ಎಂಬ ನಿಯಮಗಳು 2015ರಿಂದ ಇವೆ. ಮೈನಸ್ ಆಗಬಾರದು ಎಂಬುದಕ್ಕೆ ನೀವು ಹುಡುಕಿದ ದಾರಿಯನ್ನು ನಾನು ಪಾಸ್‌ಬುಕ್ಕುಗಳಲ್ಲಿ ನೋಡಿದ್ದೇನೆ: ಬಾಕಿ ಶುಲ್ಕ ಕಾದು ನಿಲ್ಲುತ್ತದೆ, ಖಾತೆಗೆ ಒಂದಿಷ್ಟು ಹಣ ಬಿದ್ದ ಕೂಡಲೇ ಮೊದಲು ಅದೇ ಕಡಿತವಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೆಂದು ಬ್ಯಾಂಕಿಗೆ ಹೋದ ಹೆಂಗಸಿಗೆ 2,000 ಸಿಗುವುದಿಲ್ಲ, ಏಕೆಂದು ಅವಳಿಗೆ ಯಾರೂ ಹೇಳುವುದಿಲ್ಲ. ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲದ, ಕಾರ್ಡಿಗೆ ವಾರ್ಷಿಕ ಶುಲ್ಕವೂ ಇಲ್ಲದ ಮೂಲಭೂತ ಉಳಿತಾಯ ಖಾತೆ ಎಂಬುದೊಂದು ಇದೆ, ಜನಧನ್ ಖಾತೆಗಳು ಅದೇ ಬಗೆಯವು. ಅವಳ ಖಾತೆಯನ್ನು ಅದಕ್ಕೆ ಬದಲಾಯಿಸಬಹುದಿತ್ತು. ಅದನ್ನೂ ಯಾರೂ ಹೇಳಿರುವುದಿಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಈ ಶುಲ್ಕವನ್ನು ಕೈಬಿಟ್ಟಿತು. ಅದರ ಬೆನ್ನಿಗೆ ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಕೈಬಿಟ್ಟವು. ಮನಸ್ಸು ಮಾಡಿದರೆ ಪಟ್ಟಿಯಿಂದ ಒಂದು ಸಾಲು ಅಳಿಸಬಹುದೆಂಬುದು ಇದರಿಂದ ಗೊತ್ತಾಯಿತು. ಇನ್ನೂ ಅಳಿಸದವರು ದಯವಿಟ್ಟು ಅಳಿಸಿ.

ಕರಾವಳಿಯ ಬ್ಯಾಂಕಿನ ಹೆಸರು ಬಂದದ್ದರಿಂದ ಒಂದು ಹಳೆಯ ಮಾತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಏಜೆಂಟ್ ಮನೆಗೇ ಬಂದು ತೆಗೆದುಕೊಂಡು, ಕಾರ್ಡಿನಲ್ಲಿ ಬರೆದು ಕೊಡುತ್ತಿದ್ದ. ಕೈಮಗ್ಗದವರು, ಕೂಲಿಯವರು, ಚಿಲ್ಲರೆ ವ್ಯಾಪಾರದವರು ಬ್ಯಾಂಕಿನ ಬಾಗಿಲು ನೋಡದೆಯೇ ಗ್ರಾಹಕರಾದರು. ಎರಡಾಣೆ ಇಡುವವನು ಬ್ಯಾಂಕಿಗೆ ಹೊರೆ ಎಂದು ಆ ಸ್ಥಾಪಕರು ಎಣಿಸಿದ್ದರೆ ಈ ನಾಡಿನ ಎರಡು ಜಿಲ್ಲೆಗಳಿಂದ ಅಷ್ಟು ಬ್ಯಾಂಕುಗಳು ಬೆಳೆಯುತ್ತಿರಲಿಲ್ಲ. ನಾನು ಸೇವೆಗೆ ಸೇರಿದಾಗ ಹಿರಿಯರು ನಮಗೆ ಈ ಕಥೆ ಹೇಳುತ್ತಿದ್ದುದು ಹೆಮ್ಮೆಗೆ ಮಾತ್ರವಲ್ಲ. ಸಣ್ಣ ಖಾತೆಯನ್ನು ಹೇಗೆ ನೋಡಬೇಕೆಂದು ಕಲಿಸಲು.

ಅಂಗಡಿಗಳ ಕಡೆ ಸ್ವಲ್ಪ ತಿರುಗುತ್ತೇನೆ. ನಮ್ಮಲ್ಲಿ ಕಾರ್ಡು ಉಜ್ಜಿದರೆ ‘ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ’ ಎನ್ನುವ ಮಾತು ಸಾಮಾನ್ಯ. ಡೆಬಿಟ್ ಕಾರ್ಡಿಗೂ ಹಾಗೇ ಕೇಳುತ್ತಾರೆ. ವ್ಯಾಪಾರಿ ತನ್ನ ಬ್ಯಾಂಕಿಗೆ ಕೊಡುವ ಎಂಡಿಆರ್ ಎಂಬ ಶುಲ್ಕಕ್ಕೆ ಡೆಬಿಟ್ ಕಾರ್ಡಿನ ಮಟ್ಟಿಗೆ 2018ರ ಜನವರಿಯಿಂದ ಮಿತಿಯಿದೆ. ವರ್ಷಕ್ಕೆ 20 ಲಕ್ಷದವರೆಗೆ ವ್ಯಾಪಾರ ಮಾಡುವ ಸಣ್ಣ ಅಂಗಡಿಗೆ ಮಷೀನಿನಲ್ಲಿ ಶೇಕಡ 0.40, ಎಷ್ಟೇ ದೊಡ್ಡ ಬಿಲ್ಲಾದರೂ 200 ರೂಪಾಯಿ ಮೀರುವಂತಿಲ್ಲ. ಅದಕ್ಕಿಂತ ದೊಡ್ಡವರಿಗೆ ಶೇಕಡ 0.90, ಗರಿಷ್ಠ 1,000 ರೂಪಾಯಿ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೆ ಸೊನ್ನೆ. ವ್ಯಾಪಾರಿ ಈ ವೆಚ್ಚವನ್ನು ಡೆಬಿಟ್ ಕಾರ್ಡಿನ ಗ್ರಾಹಕನ ಮೇಲೆ ಹಾಕದಂತೆ ನೋಡಿಕೊಳ್ಳಬೇಕಾದ ಜವಾಬ್ದಾರಿ ಮಷೀನು ಕೊಟ್ಟ ಬ್ಯಾಂಕಿನದು. ಆದ್ದರಿಂದ ಸಾವಿರ ರೂಪಾಯಿಯ ಸೀರೆಗೆ ರುಪೇ ಕಾರ್ಡು ಕೊಟ್ಟವಳಿಂದ ಇಪ್ಪತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರೆ ಆ ಇಪ್ಪತ್ತು ಎಂಡಿಆರ್ ಹೆಸರಿನಲ್ಲಿ ಯಾವ ಬ್ಯಾಂಕಿಗೂ ಹೋಗುವುದಿಲ್ಲ, ಅಂಗಡಿಯಲ್ಲೇ ಉಳಿಯುತ್ತದೆ. ಮಷೀನು ಇಟ್ಟ ಪ್ರತಿ ಅಂಗಡಿಯಲ್ಲಿ ಇದನ್ನು ಕನ್ನಡದಲ್ಲಿ ಬರೆದ ಒಂದು ಫಲಕ ಅಂಟಿಸಿ. ನಿಮಗೆ ಸೊನ್ನೆ ಎಂಡಿಆರ್‌ನಿಂದ ಆದಾಯ ಖೋತಾ ಆಗಿದೆ ಎಂಬ ಅಳಲನ್ನೂ ನಾನು ಬಲ್ಲೆ, ಅದನ್ನು ಸರ್ಕಾರದ ಬಳಿ ಹೇಳಿಕೊಳ್ಳಿ. 480 ರೂಪಾಯಿಯ ಖಾತೆಯಿಂದ ತುಂಬಿಕೊಳ್ಳಬೇಡಿ.

ಎಸ್‌ಎಂಎಸ್ ಬಗ್ಗೆ ಒಂದು ಗಂಭೀರ ಕೋರಿಕೆ. 2017ರ ಜುಲೈ 6ರ ನಿಯಮದ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಖಾತೆಗೆ ಕನ್ನ ಬಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ಯಾವ ನಷ್ಟವೂ ಇಲ್ಲ. ಏಳು ಕೆಲಸದ ದಿನಗಳೊಳಗಾದರೆ ಸೀಮಿತ ನಷ್ಟ. ಆಮೇಲೆ ಆದರೆ ಬ್ಯಾಂಕಿನ ನೀತಿ ಹೇಳಿದಂತೆ. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಒಳ್ಳೆಯ ನಿಯಮ. ಆದರೆ ಗಡಿಯಾರ ಓಡಲು ಶುರುವಾಗುವುದು ಆ ಸಂದೇಶದಿಂದ. ಆ ಸಂದೇಶ ಬರುವುದು ಇಂಗ್ಲಿಷಿನಲ್ಲಿ, ನಾಲ್ಕು ಸಾಲಗಳ ಜಾಹೀರಾತಿನ ನಡುವೆ. ಓದಲು ಬಾರದ ಭಾಷೆಯಲ್ಲಿ ಬಂದ ಸಂದೇಶದಿಂದ ಒಬ್ಬ ಗ್ರಾಹಕನ ಮೂರು ದಿನ ಎಣಿಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಆ ಸಂದೇಶಕ್ಕೂ ನೀವು ತಿಂಗಳಿಗಿಷ್ಟು, ಮೂರು ತಿಂಗಳಿಗಿಷ್ಟು ಎಂದು ಅವನಿಂದ ತೆಗೆದುಕೊಳ್ಳುತ್ತಿದ್ದೀರಿ. 2013ರಿಂದ ರಿಸರ್ವ್ ಬ್ಯಾಂಕ್ ಹೇಳುತ್ತಿರುವುದು ಎಷ್ಟು ಸಂದೇಶ ಕಳಿಸಿದಿರೋ ಅಷ್ಟಕ್ಕೆ ಮಾತ್ರ ಎಂದು.

ದೂರು ಕೊಡಲು ದಾರಿಯಿಲ್ಲವೆಂದಲ್ಲ. ಬ್ಯಾಂಕಿಗೆ ಬರೆದು 30 ದಿನವಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ನಾನು ಕೆಲವರಿಗೆ ಬರೆದುಕೊಟ್ಟಿದ್ದೇನೆ, ಹಣ ಬಂದಿದೆ. ಆದರೆ 27 ರೂಪಾಯಿಗಾಗಿ ಒಂದು ದಿನದ ಕೂಲಿ ಬಿಟ್ಟು ಬರುವವರು ಯಾರು? ಸಣ್ಣ ಮೊತ್ತದ ಅನ್ಯಾಯಕ್ಕೆ ದೂರಿನ ದಾರಿ ಎಂದೂ ಸಾಲದು. ಅದನ್ನು ಕಂಪ್ಯೂಟರಿನಲ್ಲೇ ತಡೆಯಬೇಕು.

ಹಾಗಾಗಿ ನನ್ನ ಕೋರಿಕೆಗಳೂ ಕಂಪ್ಯೂಟರಿನಲ್ಲೇ ಆಗುವಂಥವು. 51ಕ್ಕೆ ಹಾಕುವ ದಂಡವನ್ನು ತೆಗೆದುಹಾಕಿ. ಉಚಿತ ಸಲಗಳು ಮುಗಿದಿದ್ದರೆ, ಹಣ ತೆಗೆಯುವ ಮುಂಚೆಯೇ ‘ಇದಕ್ಕೆ 27 ರೂಪಾಯಿ 14 ಪೈಸೆ ಆಗುತ್ತದೆ, ಮುಂದುವರಿಯಲೇ’ ಎಂದು ಎಟಿಎಂ ಪರದೆಯೇ ಕನ್ನಡದಲ್ಲಿ ಕೇಳಲಿ; ಎಷ್ಟು ಸಲವಾಯಿತೆಂಬ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಐದನೆಯ ದಿನ ದಾಟಿದ ಪ್ರತಿ ವಿಫಲ ವಹಿವಾಟಿಗೆ ಆರನೆಯ ದಿನದಿಂದ 100 ರೂಪಾಯಿ ತಾನಾಗಿ ಜಮಾ ಆಗಲಿ. ಮೂರು ತಿಂಗಳಿಗೊಮ್ಮೆ ಎಷ್ಟು ವಹಿವಾಟು ವಿಫಲವಾದವು, ಎಷ್ಟು ತಡವಾದವು, ಎಷ್ಟು ಪರಿಹಾರ ಕೊಟ್ಟಿರಿ ಎಂಬುದನ್ನು ಪ್ರಕಟಿಸಿ. ಲಾಭದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಅಭ್ಯಾಸ ನಿಮಗಿದೆ.

ಪಾಸ್‌ಬುಕ್ಕಿನ ‘ವಿವರ’ ಅಂಕಣಕ್ಕೆ ನಾನು ಒಂದು ಮಾದರಿ ಬರೆದಿಟ್ಟಿದ್ದೇನೆ. ಜಾಗದ ಚಿಂತೆ ನನಗೆ ಗೊತ್ತಿರುವುದರಿಂದ ಪ್ರತಿಯೊಂದನ್ನೂ ಒಂದೇ ಸಾಲಿಗೆ ಹಿಡಿಸಿದ್ದೇನೆ. ಕೆಲವನ್ನು ಇಲ್ಲಿ ಕೊಡುತ್ತೇನೆ, ಬೇಕೆಂದರೆ ಉಳಿದವನ್ನೂ ಕಳಿಸುತ್ತೇನೆ, ಕರೆದರೆ ಬಂದು ಕೂತು ಮಾಡಿಕೊಡುತ್ತೇನೆ:

ಬೇರೆ ಬ್ಯಾಂಕ್ ಎಟಿಎಂ, 4ನೇ ಸಲ: ಶುಲ್ಕ 23.00 ತೆರಿಗೆ 4.14

ಜೀವವಿಮೆ ಕಂತು, ಒಂದು ವರ್ಷಕ್ಕೆ: 436.00

ಎಟಿಎಂನಲ್ಲಿ ಹಣ ಬಂದಿಲ್ಲ, ವಾಪಸ್ ಜಮಾ: 2,000.00

ವಾಪಸ್ ತಡವಾದ 3 ದಿನಕ್ಕೆ ಪರಿಹಾರ ಜಮಾ: 300.00

ಇಂತಿ,
ದಾವಣಗೆರೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರ